ಹೆಸರು ಹಾಜರಿ ಪುಸ್ತಕದಲ್ಲಿದ್ದರೆ ಸಾಲದು

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಹಕಾರ ಅಂದರೇನು ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. 1905ರಲ್ಲಿ ಗದಗ ಸೀಮೆಯ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಂಘ ಕಟ್ಟಿದ ನಾಡು ನಮ್ಮದು. ನಾನು ಹೇಳಬೇಕಂತಿರೋದು ಸರ್ಕಾರಿ ಶಾಲೆ ಮಕ್ಕಳ ಓದಿನ ವಿಷಯ.

ನಮ್ಮ ಬಾಗಲೂರು ಕಣ್ಣೆದುರಿಗೇ ಬದಲಾಯಿತು. 2008ರಲ್ಲಿ ದೇವನಹಳ್ಳಿ ಹತ್ತಿರ ವಿಮಾನ ನಿಲ್ದಾಣ ಶುರುವಾದ ಮೇಲೆ ರಾಗಿ ಹೊಲ, ದ್ರಾಕ್ಷಿ ತೋಟ ಇದ್ದ ಕಡೆ ಲೇಔಟುಗಳು ಬಂದವು. ಗಾರೆ ಕೆಲಸಕ್ಕೆ ರಾಯಚೂರು, ಯಾದಗಿರಿ ಕಡೆಯಿಂದ, ಉತ್ತರ ಭಾರತದಿಂದಲೂ ಜನ ಬಂದು ಶೆಡ್ಡು ಹಾಕಿಕೊಂಡರು. ಕೈಯಲ್ಲಿ ಸ್ವಲ್ಪ ಕಾಸಿದ್ದವರು ಮಕ್ಕಳನ್ನು ಕಾನ್ವೆಂಟಿಗೆ ಸೇರಿಸಿದರು. ಸರ್ಕಾರಿ ಶಾಲೆಯಲ್ಲಿ ಈಗ ಹೆಚ್ಚಾಗಿ ಉಳಿದಿರುವವರು ಕೂಲಿಯವರ ಮಕ್ಕಳು, ಮನೆಯಲ್ಲಿ ಓದಿಸುವವರಿಲ್ಲದ ಮಕ್ಕಳು.

ಮೊದಲನೇ ತೊಂದರೆ ಸೇರಿಸೋದು. ಟೀಸಿ ಊರಲ್ಲೇ ಉಳಿದಿದೆ, ಜನನ ಪತ್ರ ಇಲ್ಲ ಅಂತ ಎಷ್ಟೋ ತಂದೆ ತಾಯಿ ಶಾಲೆ ಕಡೆ ಸುಳಿಯೋದೇ ಇಲ್ಲ. ಆದರೆ 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆ ಏನನ್ನುತ್ತೆ? ವಯಸ್ಸಿನ ದಾಖಲೆ ಇಲ್ಲ ಅಂತ, ಟೀಸಿ ತಡವಾಯಿತು ಅಂತ ಯಾವ ಮಗುವನ್ನೂ ವಾಪಸು ಕಳಿಸುವ ಹಾಗಿಲ್ಲ. ಹತ್ತು ವರ್ಷದ ಮಗು ಶಾಲೆ ಮುಖವನ್ನೇ ನೋಡಿಲ್ಲದಿದ್ದರೂ ವಯಸ್ಸಿಗೆ ತಕ್ಕ ತರಗತಿಗೆ ಸೇರಿಸಿಕೊಂಡು, ಹಿಂದುಳಿದ ಪಾಠಕ್ಕೆ ವಿಶೇಷ ತರಬೇತಿ ಕೊಡಬೇಕು. ಇದು ಯಾರ ದಯೆಯೂ ಅಲ್ಲ, ಮಗುವಿನ ಹಕ್ಕು.

ಇನ್ನೊಂದು ಮಾತು. ಮೊದಲು 60 ದಿನ ಗೈರುಹಾಜರಾದರೆ ಮಾತ್ರ ಮಗು ಶಾಲೆ ಬಿಟ್ಟಿದೆ ಅಂತ ಲೆಕ್ಕ. 2013ರಲ್ಲಿ ರಾಜ್ಯದ ಉಚ್ಚ ನ್ಯಾಯಾಲಯ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡ ಮೇಲೆ ಅದು 7 ದಿನಕ್ಕೆ ಇಳಿಯಿತು. ಎರಡು ತಿಂಗಳಲ್ಲಿ ಕೂಲಿಯವರು ಇನ್ನೊಂದು ಊರು ಸೇರಿರುತ್ತಾರೆ. ಆಮೇಲೆ ಹುಡುಕಿ ಏನು ಪ್ರಯೋಜನ?

ಎರಡನೇ ತೊಂದರೆ ಇನ್ನೂ ದೊಡ್ಡದು. ಹೆಸರು ಹಾಜರಿ ಪುಸ್ತಕದಲ್ಲಿರುತ್ತೆ, ಮಗುವಿಗೆ ಓದೋಕೆ ಬರಲ್ಲ. 2024ರ ‘ಅಸರ್’ ಸಮೀಕ್ಷೆ ಪ್ರಕಾರ ಹಳ್ಳಿಗಾಡಿನ ಭಾರತದಲ್ಲಿ 5ನೇ ತರಗತಿಯ ನೂರು ಮಕ್ಕಳಲ್ಲಿ 2ನೇ ತರಗತಿಯ ಪಾಠ ಓದಬಲ್ಲವರು ಸುಮಾರು 49. ಉಳಿದವರು ವಿಜ್ಞಾನ, ಸಮಾಜ ಹೇಗೆ ಕಲಿತಾರು? ಏಳನೇ ಕ್ಲಾಸಿಗೆ ಬರುವ ಹೊತ್ತಿಗೆ ನಾಚಿಕೆಪಟ್ಟು ಅವರೇ ಶಾಲೆ ಬಿಡುತ್ತಾರೆ.

ಬಂಧುಗಳೇ, ಡೇರಿಯಲ್ಲಿ ಹಾಲಿನ ಡಿಗ್ರಿ, ಜಿಡ್ಡು ನೋಡದೆ ಕ್ಯಾನಿಗೆ ಸುರಿಯುತ್ತೀವಾ? ಹಾಲನ್ನು ಹೊತ್ತು ಹೊತ್ತಿಗೂ ಪರೀಕ್ಷೆ ಮಾಡುವ ನಾವು, ನಮ್ಮ ಮಗು ಒಂದು ಪುಟ ಓದುತ್ತದೋ ಇಲ್ಲವೋ ಅಂತ ವರ್ಷಕ್ಕೊಮ್ಮೆಯೂ ನೋಡುವುದಿಲ್ಲ. ಓದು ಬಾರದ ತಾಯಿಯೂ ನೋಡಬಹುದು. ಪುಸ್ತಕ ಕೊಟ್ಟು “ಓದಪ್ಪ” ಅನ್ನಿ. ತಡವರಿಸಿದರೆ ಗೊತ್ತಾಗುತ್ತೆ. ಬೈಯಬೇಡಿ, ಮೇಷ್ಟ್ರ ಹತ್ತಿರ ಹೋಗಿ ಕೇಳಿ.

ಸರ್ಕಾರವೂ ಸುಮ್ಮನೆ ಕೂತಿಲ್ಲ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ರಾಜ್ಯಕ್ಕೆಲ್ಲ ಹಬ್ಬಿತು. ಬಿಸಿಯೂಟ ಬಂತು. 2013ರಿಂದ ಕ್ಷೀರಭಾಗ್ಯದಲ್ಲಿ ನಮ್ಮಂಥ ರೈತರು ಹಾಕಿದ ಹಾಲೇ ಪುಡಿಯಾಗಿ ಶಾಲೆ ಸೇರುತ್ತಿದೆ. 2020ರಲ್ಲಿ ‘ಓದುವ ಬೆಳಕು’ ಬಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಸಿಕ್ಕಿತು. ಆದರೆ ಶೆಡ್ಡಿನ ಮಗುವನ್ನು ಕೈಹಿಡಿದು ಅಲ್ಲಿಗೆ ಕರೆದೊಯ್ಯೋರು ಬೇಕಲ್ಲ?

ಅದಕ್ಕೇ ಸಂಘದ ಮುಂದೆ ಮೂರು ಕೋರಿಕೆ ಇಡುತ್ತೇನೆ. ಒಂದು, ನಿಮ್ಮ ಬೀದಿಯಲ್ಲಿ ಶಾಲೆಗೆ ಹೋಗದ ಮಗು ಕಂಡರೆ ಡೇರಿಯಲ್ಲಿ ತಿಳಿಸಿ. ಸಂಘದವರು ಮುಖ್ಯೋಪಾಧ್ಯಾಯರಿಗೆ ಮುಟ್ಟಿಸಲಿ. ಎರಡು, ಬೈಲಾ ಅವಕಾಶ ಕೊಡುವ ಮಟ್ಟಿಗೆ, ಸಾಮಾನ್ಯ ಸಭೆಯ ಒಪ್ಪಿಗೆ ಪಡೆದು, ಲಾಭದಲ್ಲಿ ಒಂದಿಷ್ಟು ಕಥೆ ಪುಸ್ತಕಕ್ಕೆ ತೆಗೆದಿಡಿ. ಮೂರು, ಕಾಲೇಜು ಓದುವ ನಿಮ್ಮ ಮಕ್ಕಳು ಸಂಜೆ ಹಾಲು ಹಾಕಿದ ಮೇಲೆ ಅರ್ಧ ಗಂಟೆ ಚಿಕ್ಕವರಿಗೆ ಓದಿಸಲಿ.

ಒಬ್ಬೊಬ್ಬರ ಒಂದೆರಡು ಲೀಟರ್ ಹಾಲು ಸೇರಿಯೇ ನಮ್ಮ ಸಂಘ ಇಪ್ಪತ್ತೈದು ವರ್ಷ ನಡೆದಿದೆ. ಈ ಕೆಲಸವೂ ಹಾಗೇ ಆಗಬೇಕು. ಸಂಘ ಸುವರ್ಣ ಮಹೋತ್ಸವ ಆಚರಿಸುವಾಗ ಅದರ ವರದಿಯನ್ನು ಓದಲಾರದ ಒಬ್ಬ ಸದಸ್ಯನೂ ಊರಲ್ಲಿ ಇರಬಾರದು ಎಂದು ಹಾರೈಸಿ, ನನ್ನ ಮಾತು ಮುಗಿಸುತ್ತೇನೆ.

ಜೈ ಹಿಂದ್, ಜೈ ಕರ್ನಾಟಕ.