ಕುಂದಾಪುರದ ದಾರಿ

(ಕಾತ್ರಜದ ಕನ್ನಡಿಗರ ರಾಜ್ಯೋತ್ಸವ ಕೂಟದಲ್ಲಿ ಮಾಡಿದ ಭಾಷಣದ ಬರಹರೂಪ)



ನನ್ನೂರಿನ ಕುರಿತು ನಾಲ್ಕು ಮಾತನಾಡಬೇಕೆಂದು ತಾವು ಅಪ್ಪಣೆ ಮಾಡಿದ್ದೀರಿ. ಕುಂದಾಪುರದವನು ಊರಿನ ಮಾತು ತೆಗೆದರೆ ಅದು ದಾರಿಯ ಮಾತೇ ಆಗಿಬಿಡುತ್ತದೆ. ಸೌಪರ್ಣಿಕಾ, ವಾರಾಹಿ, ಚಕ್ರಾ ಮೊದಲಾದ ಐದು ಹೊಳೆಗಳು ಪಂಚಗಂಗಾವಳಿಯಾಗಿ ಕೂಡಿ ಗಂಗೊಳ್ಳಿಯ ಅಳಿವೆಯಲ್ಲಿ ಕಡಲು ಸೇರುವ ನೆಲೆ ಅದು. ನಮ್ಮ ಅಜ್ಜಂದಿರಿಗೆ ದೋಣಿಯೇ ದಾರಿಯಾಗಿತ್ತು.

ಆ ಊರಿಗೂ ಈ ಸೀಮೆಗೂ ನಂಟು ಹೊಸತಲ್ಲ. ಕುಂದಾಪುರದ ಒತ್ತಿನ ಬಸರೂರು ಹೆಸರಾಂತ ಬಂದರು. 1665ರಲ್ಲಿ ಶಿವಾಜಿ ಮಾಲವಣದಿಂದ ಹಡಗುಪಡೆಯೊಡನೆ ಬಂದು ಅದನ್ನು ಕೊಳ್ಳೆ ಹೊಡೆದು, ಮರಳುವಾಗ ಗೋಕರ್ಣದಲ್ಲಿ ಮಿಂದು ಹೋದನು. ಇಲ್ಲಿಯವರಿಗೆ ಅದು ವಿಜಯ, ಅಲ್ಲಿಯವರಿಗೆ ಲೂಟಿ. ಮುಂದೆ ನಮ್ಮ ಹುಡುಗರೇ ಹೋಟೆಲುಗಳಲ್ಲಿ ತಟ್ಟೆ ಲೋಟ ತೊಳೆಯಲು ಪುಣೆಗೆ ಬಂದರು. ಲಾಭ ಯಾರಿಗಾಯಿತೆಂಬುದನ್ನು ಗಲ್ಲೆಯ ಮೇಲೆ ಕುಳಿತವರು ಹೇಳಲಿ!

1862ರಲ್ಲಿ ಉತ್ತರ ಕನ್ನಡ ಮುಂಬಯಿ ಪ್ರಾಂತಕ್ಕೆ ಸೇರಿತು. ಕುಂದಾಪುರ ಮದರಾಸಿನಲ್ಲಿಯೇ ಉಳಿಯಿತು. ಶಿರೂರು ದಾಟಿದರೆ ಭಟ್ಕಳ. ಮಾತು ಕನ್ನಡವೇ, ಸರಕಾರ ಬೇರೆ. 1956ರ ಏಕೀಕರಣದವರೆಗೂ ಇದೇ ಸ್ಥಿತಿ. ಅಂಚಿನ ಊರಿನ ದಾರಿಯನ್ನು ವಿಚಾರಿಸುವವರು ಎಂದೂ ಕಡಿಮೆ.

1984ರ ಮಳೆಗಾಲದಲ್ಲಿ, ತಂದೆಯವರು ತೀರಿಕೊಂಡರೆಂದು ನನಗೆ ತಂತಿ ಬಂದಿತು. ಇದೇ ಕಾತ್ರಜದ ತಿರುವಿನಲ್ಲಿ ನಿಂತು ರಾತ್ರಿಯ ಬಸ್ಸು ಹಿಡಿದೆ. ಸಾತಾರಾ, ಕೊಲ್ಲಾಪುರ, ಬೆಳಗಾವಿ, ಹುಬ್ಬಳ್ಳಿ. ಅಲ್ಲಿ ಬಸ್ಸು ಬದಲಿಸಿ ಯಲ್ಲಾಪುರದ ಮೇಲೆ ಅರಬೈಲು ಘಟ್ಟ. ಘಟ್ಟದಲ್ಲಿ ಮರ ಉರುಳಿ ರಾತ್ರಿಯೆಲ್ಲ ಅಲ್ಲಿಯೇ ಕಳೆಯಿತು. ಅಂಕೋಲೆಗೆ ಇಳಿದು ಮನೆ ಮುಟ್ಟುವಾಗ ಮೂರನೆಯ ದಿನ. ಚಿತೆಯ ಬೂದಿಯನ್ನೂ ಮಳೆ ತೊಳೆದಿತ್ತು. ಅಮ್ಮ ಕೇಳಿದ್ದು ಒಂದೇ ಮಾತು: "ಉಂಡ್ಯಾ ಮಗಾ?"

ಕರಾವಳಿಯವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, 1990ರಲ್ಲಿ, ಕೊಂಕಣ ರೈಲ್ವೆ ನಿಗಮ ಹುಟ್ಟಿತು. ರೋಹಾದಿಂದ ತೋಕೂರಿನವರೆಗಿನ ಸುಮಾರು 740 ಕಿ.ಮೀ. ಹಾದಿ 1998ರ ಜನವರಿ 26ರಂದು ಪೂರ್ಣವಾಗಿ ತೆರೆಯಿತು. ನಿಗಮದ ಸ್ಥಾಪನೆಯಲ್ಲಿ ಕೇಂದ್ರದ ಪಾಲು ಶೇಕಡಾ 51, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವಾ ಮತ್ತು ಕೇರಳದ್ದು ತಲಾ 6. ಆ ಹದಿನೈದರ ಬಲದಿಂದ ನಾವು ಕೇಳುವುದು ಭಿಕ್ಷೆಯಲ್ಲ. ಇಂದಿಗೂ ನಮ್ಮಲ್ಲಿ ಹಲವರು ಪನವೇಲಿಗೆ ಇಳಿದು, ಮುಂಬಯಿಯಿಂದ ಬರುವ ಮತ್ಸ್ಯಗಂಧಾ ಗಾಡಿಯನ್ನು ಹಿಡಿಯುತ್ತಾರೆ. ಪುಣೆಯಿಂದಲೇ ಕುಂದಾಪುರದ ಮೇಲೆ ನಿತ್ಯವೂ ಒಂದು ಗಾಡಿ ಓಡಬೇಕು.

ರೈಲು ನಿಲ್ದಾಣ ಪೇಟೆಯಲ್ಲಿಲ್ಲ, ಬಸರೂರಿನ ಮಗ್ಗುಲ ಮೂಡ್ಲಕಟ್ಟೆಯಲ್ಲಿದೆ. ಹೋದ ಸಲ ಮೊಮ್ಮಗನೊಡನೆ ಅಲ್ಲಿ ಇಳಿದಾಗ ರಿಕ್ಷಾದವರು, "ಎಲ್ಲಿಗ್ ಹೋಯ್ಕ್?" ಎಂದು ವಿಚಾರಿಸಿದರು. ಹುಡುಗ ನನ್ನ ಮುಖ ನೋಡಿದ. ಅದರ ಅರ್ಥವನ್ನು ನಾನು ಅವನಿಗೆ ಮರಾಠಿಯಲ್ಲಿ ಹೇಳಬೇಕಾಯಿತು.

ಮನವಿಯ ಹಾಳೆ ಬಾಗಿಲ ಬಳಿಯ ಮೇಜಿನ ಮೇಲಿದೆ. ದಯವಿಟ್ಟು ಕನ್ನಡದಲ್ಲಿ ಸಹಿ ಮಾಡಿ. ಮಕ್ಕಳಿಂದಲೂ ಮಾಡಿಸಿ.