ವಿದ್ಯುತ್ ಕಾರಿಗೆ ಮನೆಯಲ್ಲಿ ಚಾರ್ಜರ್

ಕೋಲಾರ ಜಿಲ್ಲೆಗೂ ವಿದ್ಯುಚ್ಛಕ್ತಿಗೂ ಹಳೆಯ ನಂಟು. 1902ರಲ್ಲಿ ಶಿವನಸಮುದ್ರದ ವಿದ್ಯುದಾಗಾರ ಆರಂಭವಾದಾಗ, ಅಲ್ಲಿಂದ ಸುಮಾರು 147 ಕಿಲೋಮೀಟರು ತಂತಿ ಎಳೆದು ಮೊದಲು ವಿದ್ಯುತ್ ಕೊಟ್ಟದ್ದು ಕೋಲಾರದ ಚಿನ್ನದ ಗಣಿಗಳಿಗೆ. ಬೆಂಗಳೂರಿನ ಬೀದಿ ದೀಪಗಳು ಹೊತ್ತಿಕೊಂಡದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಈಗ ಅದೇ ಜಿಲ್ಲೆಯ ಮನೆಗಳ ಮುಂದೆ ವಿದ್ಯುತ್ತಿನಿಂದ ಓಡುವ ಕಾರುಗಳು ಬಂದು ನಿಲ್ಲುತ್ತಿವೆ. ಕಾರು ಕೊಳ್ಳುವಾಗ ನಾವು ಬಣ್ಣ ಕೇಳುತ್ತೇವೆ, ಬೆಲೆ ಕೇಳುತ್ತೇವೆ, ಒಮ್ಮೆ ತುಂಬಿದರೆ ಎಷ್ಟು ದೂರ ಓಡುತ್ತದೆಂದು ನಾಲ್ಕು ಜನರನ್ನು ವಿಚಾರಿಸುತ್ತೇವೆ. ಮನೆಯಲ್ಲಿ ಅದಕ್ಕೆ ವಿದ್ಯುತ್ ತುಂಬುವ ಏರ್ಪಾಟು ಹೇಗಿರಬೇಕು ಎಂಬುದು ಮಾತ್ರ ಕಾರು ಬಾಗಿಲಿಗೆ ಬಂದ ದಿನವೇ ನೆನಪಾಗುವುದು. ಇಂದಿನ ಮಾತು ಆ ಏರ್ಪಾಟಿನ ಕುರಿತು.

ಮೊದಲಿಗೆ ಒಂದು ತಪ್ಪು ತಿಳಿವಳಿಕೆಯನ್ನು ಬಿಡಿಸಿಕೊಳ್ಳೋಣ. ಗೋಡೆಗೆ ಹಾಕುವ ಪೆಟ್ಟಿಗೆಯನ್ನು ನಾವು ಚಾರ್ಜರ್ ಎನ್ನುತ್ತೇವೆ. ನಿಜವಾದ ಚಾರ್ಜರ್ ಇರುವುದು ಕಾರಿನೊಳಗೆ. ಮನೆಗೆ ಬರುವುದು ಎ.ಸಿ. ವಿದ್ಯುತ್, ಬ್ಯಾಟರಿಗೆ ಬೇಕಾದದ್ದು ಡಿ.ಸಿ. ಈ ಪರಿವರ್ತನೆ ಕಾರಿನಲ್ಲೇ ನಡೆಯುತ್ತದೆ. ಗೋಡೆಯ ಪೆಟ್ಟಿಗೆ ಜಾಣ ಸ್ವಿಚ್ಚು ಮಾತ್ರ. ಎಷ್ಟು ಪ್ರವಾಹ ಎಳೆದುಕೊಳ್ಳಬಹುದೆಂದು ಅದು ಕಾರಿಗೆ ತಿಳಿಸುತ್ತದೆ, ಎಲ್ಲಾದರೂ ಸೋರಿಕೆಯಾದರೆ ಕಡಿದುಹಾಕುತ್ತದೆ. ಆದ್ದರಿಂದ ಕಾರಿನೊಳಗಿನ ಚಾರ್ಜರ್ 3.3 ಕಿಲೋವ್ಯಾಟಿನದಾಗಿದ್ದರೆ, ಗೋಡೆಗೆ 7.2 ಕಿಲೋವ್ಯಾಟಿನ ಪೆಟ್ಟಿಗೆ ಹಾಕಿಸಿದರೂ ಸಿಗುವುದು 3.3 ಮಾತ್ರ. ಸಣ್ಣ ಬಾಯಿಯ ಕೊಡಕ್ಕೆ ದಪ್ಪ ಪೈಪು ಹಿಡಿದ ಹಾಗೆ. ಅಂಗಡಿಯವರು ಇದನ್ನು ತಾವಾಗಿ ಹೇಳಲಿಕ್ಕಿಲ್ಲ. ಕಾರಿನ ಕೈಪಿಡಿಯಲ್ಲಿ ನೀವೇ ನೋಡಿಕೊಳ್ಳಬೇಕು.

ಇನ್ನು, ನಮಗೆ ಎಷ್ಟು ಬೇಕು? ಸಣ್ಣ ಕಾರು ಒಂದು ಯೂನಿಟ್ಟಿಗೆ ಅಂದಾಜು ಏಳು ಕಿಲೋಮೀಟರು ಓಡುತ್ತದೆ ಎಂದಿಟ್ಟುಕೊಳ್ಳೋಣ. ಶ್ರೀನಿವಾಸಪುರದಿಂದ ಕೋಲಾರಕ್ಕೆ ಕೆಲಸಕ್ಕೆ ಹೋಗಿಬರುವವರಿಗೆ ದಿನಕ್ಕೆ 50 ಕಿಲೋಮೀಟರು, ಅಂದರೆ ಏಳು ಯೂನಿಟ್ಟು. 3.3 ಕಿಲೋವ್ಯಾಟಿನಲ್ಲಿ ಎರಡು ಗಂಟೆಗೆ ಸ್ವಲ್ಪ ಹೆಚ್ಚು. ಮಾಲೂರಿನಿಂದ ವೈಟ್‌ಫೀಲ್ಡ್ ಕಡೆಗೆ ಹೋಗಿಬರುವವರಿಗೆ ಹತ್ತು ಯೂನಿಟ್ಟಿನ ಆಸುಪಾಸು, ಮೂರು ಗಂಟೆ. ಕೋಲಾರದಿಂದ ಬೆಂಗಳೂರಿಗೆ ಹೋಗಿಬಂದರೆ ಸುಮಾರು 140 ಕಿಲೋಮೀಟರು. 20 ಯೂನಿಟ್ಟು, ಆರು ಗಂಟೆ ಚಿಲ್ಲರೆ. ರಾತ್ರಿ ಊಟವಾದ ಮೇಲೆ ಹಾಕಿದರೆ ಕೋಳಿ ಕೂಗುವ ಹೊತ್ತಿಗೆ ಮುಗಿದಿರುತ್ತದೆ. ಮುಳಬಾಗಿಲಿನಿಂದ ಪ್ರತಿದಿನ ಬೆಂಗಳೂರಿಗೆ ಹೋಗಿಬರುವವರದು ಮಾತ್ರ ಬೇರೆ ಲೆಕ್ಕ. ಹೆಚ್ಚುಕಡಿಮೆ 200 ಕಿಲೋಮೀಟರು, 28 ಯೂನಿಟ್ಟಿಗೂ ಮೇಲೆ. ಹೆದ್ದಾರಿಯ ವೇಗದಲ್ಲಿ ಇನ್ನೂ ಹೆಚ್ಚು ಬೇಕಾದೀತು. ಅವರಿಗೆ ದೊಡ್ಡ ಬ್ಯಾಟರಿಯ ಕಾರೂ ಬೇಕು, 7.2 ಕಿಲೋವ್ಯಾಟಿನ ಪೆಟ್ಟಿಗೆಯೂ ಒಪ್ಪುತ್ತದೆ. ಉಳಿದ ಬಹುಪಾಲು ಮಂದಿಗೆ ಸಣ್ಣದು ಸಾಕು ಎಂಬುದು ನನ್ನ ಅಭಿಪ್ರಾಯ. 2001ರಲ್ಲಿ ಬೆಂಗಳೂರಿನ ರೇವಾ ಕಾರು ರಸ್ತೆಗೆ ಇಳಿದಾಗ ಅದಕ್ಕೆ ಇದ್ದದ್ದು ಮನೆಯ 15 ಆಂಪಿಯರಿನ ಪವರ್ ಪ್ಲಗ್ಗೇ.

ಸಣ್ಣ ಪೆಟ್ಟಿಗೆಯಿಂದ ಉಳಿದ ಹಣವನ್ನು ಎಲ್ಲಿ ಹಾಕಬೇಕು? ತಂತಿಗೆ ಮತ್ತು ಮಣ್ಣಿಗೆ.

ತಂತಿಯ ವಿಷಯ ಕೇಳಿ. "ನಮ್ಮ ಮನೆಯಲ್ಲಿ ಗೀಸರ್ ಓಡುತ್ತದಲ್ಲ, ಅದೇ ಪಾಯಿಂಟಿಗೆ ಕಾರನ್ನೂ ಹಾಕಬಹುದು" ಎನ್ನುವವರಿದ್ದಾರೆ. ಗೀಸರ್ ಎಳೆಯುವ ಪ್ರವಾಹವೂ ಹೆಚ್ಚಿನದೇ, ಆದರೆ ಕಾಲು ಗಂಟೆ, ಅರ್ಧ ಗಂಟೆಯಲ್ಲಿ ಮುಗಿಯಿತು. ಕಾರು 14 ಆಂಪಿಯರಿಗೂ ಮೇಲೆ ಎಳೆಯುತ್ತಾ ಆರೆಂಟು ಗಂಟೆ ಬಿಡುವಿಲ್ಲದೆ ನಿಲ್ಲುತ್ತದೆ, ಅದೂ ಮನೆಯವರೆಲ್ಲ ಮಲಗಿರುವ ಹೊತ್ತಿನಲ್ಲಿ. ಸಡಿಲವಾದ ಸಾಕೆಟ್ಟು ಮೊದಲು ಬಿಸಿಯಾಗುತ್ತದೆ, ಆಮೇಲೆ ಕಂದುಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಕರಗುತ್ತದೆ. ಹಳೆಯ ಮನೆಗಳಲ್ಲಿ ಅಲ್ಯೂಮಿನಿಯಂ ತಂತಿ ಇನ್ನೂ ಉಳಿದಿದ್ದರೆ ಅಪಾಯ ಮತ್ತೂ ಹೆಚ್ಚು. ಆದ್ದರಿಂದ ಮೀಟರ್ ಬೋರ್ಡಿನಿಂದ ಕಾರು ನಿಲ್ಲುವ ಜಾಗದವರೆಗೆ ಬೇರೆ ಯಾವುದಕ್ಕೂ ಕವಲೊಡೆಯದ ಪ್ರತ್ಯೇಕ ತಾಮ್ರದ ತಂತಿ ಎಳೆಸಿ. 3.3 ಕಿಲೋವ್ಯಾಟಿಗೆ 4 ಚದರ ಮಿಲಿಮೀಟರಿನದು. 7.2ಕ್ಕೆ 31 ಆಂಪಿಯರಿನಷ್ಟು ಹರಿಯುವುದರಿಂದ 6ಕ್ಕೆ ಕಡಿಮೆ ಬೇಡ. ದೂರ ಹೆಚ್ಚಿದ್ದರೆ 10. ಅದಕ್ಕೆಂದೇ ಒಂದು ಎಂ.ಸಿ.ಬಿ., ಜೊತೆಗೆ 30 ಮಿಲಿ ಆಂಪಿಯರಿನ ಆರ್.ಸಿ.ಸಿ.ಬಿ. ಇರಲಿ. ಎಂ.ಸಿ.ಬಿ. ತಂತಿಯನ್ನು ಕಾಯುತ್ತದೆ, ಆರ್.ಸಿ.ಸಿ.ಬಿ. ಮನುಷ್ಯರನ್ನು ಕಾಯುತ್ತದೆ. ಒಂದಿದ್ದರೆ ಇನ್ನೊಂದು ಬೇಡ ಎನ್ನುವ ಮಾತಿಗೆ ಕಿವಿಗೊಡಬೇಡಿ.

ಈಗ ಮಣ್ಣಿನ ಮಾತು, ಅಂದರೆ ಅರ್ಥಿಂಗ್. ನನ್ನ ಭಾವನವರ ಮನೆ ಶ್ರೀನಿವಾಸಪುರದ ಹತ್ತಿರ. ಅವರು ಕಾರು ತಂದ ಮೊದಲ ರಾತ್ರಿ ಪ್ಲಗ್ಗು ಹಾಕಿದರೆ ಪೆಟ್ಟಿಗೆಯಲ್ಲಿ ಕೆಂಪು ದೀಪ. ಇನ್ನೊಮ್ಮೆ ಹಾಕಿದರೂ ಕೆಂಪು ದೀಪ. ಕಾರೇ ಕೆಟ್ಟಿದೆಯೆಂದು ಮನೆಯವರೆಲ್ಲ ಗಾಬರಿ. ಬೆಳಿಗ್ಗೆ ಬಂದ ಊರಿನ ಎಲೆಕ್ಟ್ರಿಷಿಯನ್ ಹುಡುಗ ಕಾರಿನ ಕಡೆ ನೋಡಲೇ ಇಲ್ಲ. ನೇರವಾಗಿ ಹಿತ್ತಲಿಗೆ ಹೋಗಿ, "ಅಣ್ಣಾ, ಈ ಗುಂಡಿಗೆ ನೀರು ಹಾಕಿ ಎಷ್ಟು ವರ್ಷ ಆಯ್ತು?" ಎಂದು ಕೇಳಿದ. ಭಾವನವರಲ್ಲಿ ಉತ್ತರವಿರಲಿಲ್ಲ. ಮನೆ ಕಟ್ಟಿದಾಗ ಇದ್ದಿಲು, ಉಪ್ಪು ಹಾಕಿ ಮುಚ್ಚಿದ ಗುಂಡಿ ಅದು. ಮೇಲೆ ತುಳಸಿಯ ಕುಂಡ ಬೇರೆ ಕುಳಿತಿತ್ತು.

ಆ ಪೆಟ್ಟಿಗೆ ಮಾಡಿದ್ದು ಸರಿಯಾದ ಕೆಲಸವನ್ನೇ. ಅರ್ಥಿಂಗ್ ಇಲ್ಲದ ಕಡೆ ಅದು ವಿದ್ಯುತ್ ಬಿಡುವುದಿಲ್ಲ. ಕಾರಿನ ಮೈ ಲೋಹದ್ದು. ಒಳಗೆ ಎಲ್ಲಾದರೂ ಸೋರಿಕೆಯಾದರೆ ಆ ಪ್ರವಾಹ ನೆಲಕ್ಕೆ ಇಳಿದುಹೋಗಲು ದಾರಿ ಬೇಕು. ದಾರಿ ಇಲ್ಲದಿದ್ದರೆ, ಬೆಳಿಗ್ಗೆ ಬರಿಗಾಲಲ್ಲಿ ಕಾರಿನ ಬಾಗಿಲು ಮುಟ್ಟಿದವರೇ ಅದಕ್ಕೆ ದಾರಿಯಾಗುತ್ತಾರೆ. ನಮ್ಮದು ಶಾಶ್ವತವಾಗಿ ಹರಿಯುವ ನದಿಯಿಲ್ಲದ ಜಿಲ್ಲೆ. ಕೊಳವೆ ಬಾವಿಗಳು ಸಾವಿರ ಅಡಿ ದಾಟಿವೆ. ಮೇಲ್ಮಣ್ಣು ಒಣಗಿದರೆ, ಕೆಳಗೆ ಬಂಡೆ ಸಿಕ್ಕಿದರೆ, ಮಣ್ಣು ವಿದ್ಯುತ್ತನ್ನು ಸರಿಯಾಗಿ ಒಯ್ಯುವುದಿಲ್ಲ. ಮಳೆಗಾಲದಲ್ಲಿ ಚೆನ್ನಾಗಿದ್ದ ಅರ್ಥಿಂಗ್ ಏಪ್ರಿಲ್ ತಿಂಗಳಿಗೆ ಹೆಸರಿಗಷ್ಟೇ ಉಳಿಯಬಹುದು. ಆದ್ದರಿಂದ ಅಳತೆಯನ್ನು ಬೇಸಿಗೆಯಲ್ಲೇ ಮಾಡಿಸಿ. ಐದು ಓಮಿಗಿಂತ ಕಡಿಮೆ ಬಂದರೆ ಒಳ್ಳೆಯದು. ನ್ಯೂಟ್ರಲ್ಲಿಗೂ ಅರ್ಥಿಗೂ ನಡುವೆ ಮೀಟರಿಟ್ಟರೆ ಎರಡು ಮೂರು ವೋಲ್ಟಿಗಿಂತ ಹೆಚ್ಚು ತೋರಿಸಬಾರದು. ಕಾರಿಗೆಂದು ಹೊಸ ಗುಂಡಿ ತೆಗೆಸಿದರೆ ಬಚ್ಚಲ ನೀರು, ಪಾತ್ರೆ ತೊಳೆದ ನೀರು ಹೋಗಿ ತಂಪಿರುವ ಜಾಗ ನೋಡಿ ತೆಗೆಸಿ. ಕುಡಿಯುವ ನೀರಿಗೇ ತತ್ವಾರವಿರುವಾಗ ಗುಂಡಿಗೆಂದು ಬಿಂದಿಗೆ ನೀರು ಸುರಿಯುವುದು ಯಾರಿಗೂ ಮನಸ್ಸಿಗೆ ಬರುವುದಿಲ್ಲ. ಕೆಲವರು ಕೆಂಪು ದೀಪ ತಪ್ಪಿಸಲು ಪ್ಲಗ್ಗಿನೊಳಗೆ ನ್ಯೂಟ್ರಲನ್ನೂ ಅರ್ಥನ್ನೂ ಸೇರಿಸಿ ಕಟ್ಟಿಕೊಡುತ್ತಾರಂತೆ. ದಯವಿಟ್ಟು ಯಾರೂ ಅದನ್ನು ಮಾಡಿಸಿಕೊಳ್ಳಬೇಡಿ. ಅದು ಕಾವಲುಗಾರನ ಕಣ್ಣಿಗೆ ಬಟ್ಟೆ ಕಟ್ಟುವ ಕೆಲಸ.

ತೋಟದ ಮನೆಗಳಲ್ಲಿ ಇನ್ನೊಂದು ತೊಡಕಿದೆ. ಪಂಪ್‌ಸೆಟ್ಟುಗಳು ಓಡುವ ಹೊತ್ತಿನಲ್ಲಿ ಲೈನಿನ ಕೊನೆಯ ಮನೆಗಳಿಗೆ ವೋಲ್ಟೇಜು ಕುಸಿಯುವುದುಂಟು. ಆಗ ಕಾರಿಗೆ ಹೆಚ್ಚು ಹೊತ್ತು ಹಿಡಿಯುತ್ತದೆ, ತೀರಾ ಕುಸಿದರೆ ನಿಂತೇಬಿಡುತ್ತದೆ. ಅಂಥ ಕಡೆ ಪ್ರವಾಹವನ್ನು 16ರಿಂದ 10ಕ್ಕೆ, 6 ಆಂಪಿಯರಿಗೆ ಇಳಿಸಿಕೊಳ್ಳುವ ಗುಂಡಿ ಇರುವ ಪೆಟ್ಟಿಗೆಯನ್ನು ಆರಿಸಿ. ನಿಧಾನವಾದರೂ ಕೆಲಸ ನಡೆಯುತ್ತದೆ. ಹಾಗೆಂದು ಕಾರನ್ನು ಪಂಪ್‌ಸೆಟ್ಟಿನ ಲೈನಿಗೆ ಹಾಕುವ ಯೋಚನೆ ಬೇಡ. 10 ಅಶ್ವಶಕ್ತಿಯವರೆಗೆ ಆ ವಿದ್ಯುತ್ತನ್ನು ಉಚಿತವಾಗಿ ಕೊಟ್ಟಿರುವುದು ಬೆಳೆಗೆ. ಬೇರೆ ಬಳಕೆ 2003ರ ವಿದ್ಯುಚ್ಛಕ್ತಿ ಕಾಯಿದೆಯಂತೆ ಅನಧಿಕೃತ ಬಳಕೆಯಾಗಿ ದಂಡಕ್ಕೆ ದಾರಿ. ಮಾವಿನ ಕಾಲದಲ್ಲಿ ಸಂಜೆಯ ಗುಡುಗು ಮಿಂಚು ಶುರುವಾದಾಗ ಪ್ಲಗ್ಗು ಕಿತ್ತಿಡುವುದನ್ನೂ ರೂಢಿ ಮಾಡಿಕೊಳ್ಳಿ.

ಬಿಲ್ಲಿನ ವಿಷಯಕ್ಕೆ ಬರೋಣ. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯ ಫಲಾನುಭವಿಗಳು ಇಲ್ಲಿ ಎಚ್ಚರವಹಿಸಬೇಕು. ದಿನಕ್ಕೆ 50 ಕಿಲೋಮೀಟರಿನಂತೆ ತಿಂಗಳಿಗೆ 25 ದಿನ ಓಡಿಸಿದರೆ ಕಾರಿಗೇ 180 ಯೂನಿಟ್ಟು ಬೇಕು. ಮನೆಯ ಬಳಕೆ 80 ಇದ್ದರೆ ಒಟ್ಟು 260. 200 ದಾಟಿದ ತಿಂಗಳು ದಾಟಿದ್ದಕ್ಕೆ ಮಾತ್ರವಲ್ಲ, ಇಡೀ ಬಿಲ್ಲಿಗೆ ಹಣ ಕಟ್ಟಬೇಕು. ಪೆಟ್ರೋಲಿಗೆ ಹೋಲಿಸಿದರೆ ಆಗಲೂ ಉಳಿತಾಯವೇ. ಆದರೆ ಆ ಲೆಕ್ಕ ಮೊದಲೇ ತಿಳಿದಿರಲಿ. ವಿದ್ಯುತ್ ವಾಹನಗಳಿಗೆ ಪ್ರತ್ಯೇಕ ದರವರ್ಗವಿದೆ. ಕಾರಿಗೆ ಬೇರೆ ಮೀಟರು ಪಡೆಯುವುದು ನಿಮ್ಮ ಮಟ್ಟಿಗೆ ಲಾಭವೇ ಎಂದು ಬೆಸ್ಕಾಂ ಉಪವಿಭಾಗದಲ್ಲಿ ವಿಚಾರಿಸಿ. ಹಾಗೆಯೇ, ಮನೆಗೆ ಮಂಜೂರಾದ ಲೋಡು ಎರಡೋ ಮೂರೋ ಕಿಲೋವ್ಯಾಟು ಇದ್ದರೆ ಅದನ್ನು ಏರಿಸಿಕೊಳ್ಳಬೇಕಾಗುತ್ತದೆ. ನಿಗದಿತ ಶುಲ್ಕವನ್ನು ಮಂಜೂರಾದ ಪ್ರತಿ ಕಿಲೋವ್ಯಾಟಿನ ಮೇಲೆ ಹಾಕುತ್ತಾರೆ, ಒಂದೊಂದಕ್ಕೆ ತಿಂಗಳಿಗೆ ನೂರು ರೂಪಾಯಿಗೂ ಮೇಲೆ. 7.2ರ ಪೆಟ್ಟಿಗೆಯ ಬೆಲೆಯಲ್ಲಿ ಕಾಣದ ಖರ್ಚು ಇದು. ಕಾರು ನಿಂತಲ್ಲೇ ನಿಂತಿದ್ದರೂ ತಿಂಗಳು ತಿಂಗಳು ಬರುತ್ತದೆ.

ಪೆಟ್ಟಿಗೆ ಕೊಳ್ಳುವಾಗ ಐ.ಎಸ್. 17017 ಎಂಬ ಭಾರತೀಯ ಮಾನಕಕ್ಕೆ ಒಳಪಟ್ಟಿದೆಯೇ, ಹೊರಗೆ ಹಾಕುವುದಾದರೆ ಮಳೆ ಧೂಳು ತಡೆಯುತ್ತದೆಯೇ, ನಿಮ್ಮ ಕಾರಿಗೆ ಹೊಂದುವ ಟೈಪ್ 2 ಪ್ಲಗ್ಗು ಇದೆಯೇ ಎಂದು ನೋಡಿಕೊಳ್ಳಿ. ಮೊಬೈಲಿನಿಂದ ನಡೆಸುವ ಸೌಲಭ್ಯ, ಬಣ್ಣದ ದೀಪ ಇವೆಲ್ಲ ಇದ್ದರೆ ಇರಲಿ, ಇಲ್ಲದಿದ್ದರೆ ನಷ್ಟವಿಲ್ಲ.

ಕೊನೆಯದಾಗಿ, ಕಾರು ನಿಲ್ಲಿಸಲು ಸ್ವಂತ ಜಾಗವಿಲ್ಲದವರ ಪ್ರಶ್ನೆ. ಕೋಲಾರದ ಹಳೆಯ ಪೇಟೆಯಲ್ಲಿ, ಮುಳಬಾಗಿಲಿನ ಓಣಿಗಳಲ್ಲಿ ಜಗುಲಿ ಇಳಿದರೆ ಬೀದಿ. ಅಲ್ಲಿ ಕಿಟಕಿಯಿಂದ ಎಕ್ಸ್‌ಟೆನ್ಷನ್ ಬಾಕ್ಸ್ ಎಳೆದು, ಚರಂಡಿ ದಾಟಿಸಿ ಕಾರಿಗೆ ಹಾಕುವುದನ್ನು ನಾನು ಕಂಡಿದ್ದೇನೆ. ಮಕ್ಕಳು ಆಡುವ, ದನ ಕರು ಓಡಾಡುವ ಬೀದಿಯಲ್ಲಿ ಅದು ಸಲ್ಲದು. ಬಾಡಿಗೆ ಜಾಗವೋ, ಬಂಧುಗಳ ಕಾಂಪೌಂಡೋ ಸಿಕ್ಕಿ, ಅಲ್ಲಿ ಬೀಗವಿರುವ ಪೆಟ್ಟಿಗೆ ಹಾಕಿಸಲು ಸಾಧ್ಯವಾದರೆ ಸರಿ. ಅದೂ ಆಗದಿದ್ದರೆ ಸಾರ್ವಜನಿಕ ಕೇಂದ್ರ ನಿಮಗೆ ಎಷ್ಟು ಹತ್ತಿರವಿದೆ ಎಂದು ನೋಡಿಕೊಂಡೇ ಕಾರಿಗೆ ಮುಂಗಡ ಕೊಡಿ. ಲೋಡು ಏರಿಸುವ ಅರ್ಜಿಯ ಬಗ್ಗೆ ಬೆಸ್ಕಾಂ ಸಹಾಯವಾಣಿ 1912ಕ್ಕೆ ಕರೆ ಮಾಡಬಹುದು. ಪರವಾನಗಿ ಇರುವ ಎಲೆಕ್ಟ್ರಿಷಿಯನ್ನರನ್ನು ಕಾರು ಬರುವ ತಿಂಗಳ ಮುಂಚೆಯೇ ಮನೆಗೆ ಕರೆಸಿ. ಬಂದವರು ಹಿತ್ತಲಿನ ಗುಂಡಿ ಎಲ್ಲಿದೆ ಎಂದು ಕೇಳದಿದ್ದರೆ, ಬೇರೆಯವರನ್ನು ಕರೆಸಿ.