ಮಕ್ಕಳ ಕಾಲೇಜು ವಿದ್ಯೆ ಮತ್ತು ಹೆತ್ತವರ ಹೊಣೆ

(ತಿರುಮಕೂಡಲು ನರಸೀಪುರ ತಾಲ್ಲೂಕಿನ ಗ್ರಾಮವೊಂದರಲ್ಲಿ ಸೇರಿದ್ದ ಭಕ್ತರ ಸಭೆಯಲ್ಲಿ ದಯಪಾಲಿಸಿದ ಆಶೀರ್ವಚನ)



ಈ ಹೊತ್ತು ನಾವು ದೊಡ್ಡ ತತ್ತ್ವವಿಚಾರವನ್ನು ಎತ್ತಿಕೊಳ್ಳುವುದಿಲ್ಲ. ಷಟ್‌ಸ್ಥಲ, ಅಷ್ಟಾವರಣಗಳ ಮಾತನ್ನು ಇನ್ನೊಂದು ದಿನ ಆಡೋಣ. ಪಿ.ಯು.ಸಿ. ಫಲಿತಾಂಶ ಬಂದ ಮೇಲೆ ಒಂದೆರಡು ತಿಂಗಳು ಮಠಕ್ಕೆ ಬರುವ ಭಕ್ತರಲ್ಲಿ ಬಹುಪಾಲು ಜನ ಕೇಳುವುದು ಒಂದೇ ಪ್ರಶ್ನೆ. ಮಳೆಬೆಳೆಯ ಮಾತಿಲ್ಲ, ಮದುವೆಯ ಮಾತಿಲ್ಲ. ಮಗನ ಕಾಲೇಜಿನ ದುಡ್ಡಿನ ಮಾತು. ಈ ಸಲ ನಂಜನಗೂಡು ಕಡೆಯ ಒಬ್ಬ ರೈತರು ಬಂದಿದ್ದರು. ಕೈಮುಗಿದು ನಿಂತು, “ಬುದ್ಧೀ, ಮಗನಿಗೆ ಮೈಸೂರಲ್ಲಿ ಇಂಜಿನಿಯರಿಂಗ್ ಸೀಟು ಸಿಕ್ಕಿದೆ. ಇರೋದು ಎರಡೂವರೆ ಎಕರೆ ನಾಲೆ ಬಯಲು. ಒಂದು ಎಕರೆ ಮಾರಿಬಿಡಲೋ, ಬ್ಯಾಡವೋ, ನೀವೇ ಅಪ್ಪಣೆ ಕೊಡಿ” ಎಂದರು. ಅವರ ಬೆನ್ನ ಹಿಂದೆಯೇ ನಿಂತಿದ್ದ ಹಿರಿಯರೊಬ್ಬರು ನಾವು ಬಾಯಿ ತೆರೆಯುವ ಮೊದಲೇ, “ಹದಿನೆಂಟು ತುಂಬಿತಲ್ಲ, ಇನ್ನು ಅವನ ದಾರಿ ಅವನು ನೋಡ್ಕೊಳ್ಳಲಿ. ನಮ್ಮನ್ನ ಯಾರು ಓದಿಸಿದ್ರು? ಪರದೇಶದಲ್ಲಿ ಮಕ್ಕಳು ತಾವೇ ದುಡಿದು ಓದ್ತಾರಂತೆ” ಎಂದರು. ಇಬ್ಬರ ಮಾತಿನಲ್ಲೂ ತಿರುಳಿದೆ. ಅದಕ್ಕಾಗಿಯೇ ಇದನ್ನು ನಾಲ್ಕು ಜನರ ಮುಂದೆ ವಿಚಾರ ಮಾಡಬೇಕೆಂದು ನಮಗೆ ತೋರಿತು.

ಮೊದಲು ಆ ಹಿರಿಯರ ಮಾತನ್ನು ತೆಗೆದುಕೊಳ್ಳೋಣ. ಪರದೇಶವೆಂದರೆ ಒಂದೇ ದೇಶವಲ್ಲ. ಅಮೆರಿಕದಲ್ಲಿ ಸಾಲ ಮಾಡಿ ಓದಿ, ನಡುವಯಸ್ಸಿನವರೆಗೂ ಆ ಸಾಲ ತೀರಿಸುತ್ತಿರುವವರು ಬಹಳ ಮಂದಿ ಇದ್ದಾರೆ. ಜರ್ಮನಿಯಲ್ಲಿ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬಹುಮಟ್ಟಿಗೆ ಬೋಧನಾ ಶುಲ್ಕವೇ ಇಲ್ಲ. ಅಷ್ಟೇ ಅಲ್ಲ, ಮಗು ತನ್ನ ಮೊದಲ ವೃತ್ತಿಗೆ ಬೇಕಾದ ವಿದ್ಯೆಯನ್ನು ಮುಗಿಸುವವರೆಗೆ ತಂದೆತಾಯಿಗಳು ಶಕ್ತ್ಯಾನುಸಾರ ಪೋಷಿಸಬೇಕೆಂದು ಅಲ್ಲಿ ಕಾನೂನೇ ಹೇಳುತ್ತದೆ. ಆದ್ದರಿಂದ ಪರದೇಶದ ಹೆಸರು ಹೇಳಿ ನಮ್ಮ ಜೇಬು ಮುಚ್ಚಿಕೊಳ್ಳುವ ಹಾಗಿಲ್ಲ.

ನಮ್ಮ ದೇಶದ ಕಾನೂನು ಏನು ಹೇಳುತ್ತದೆ? 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಅಧಿನಿಯಮವಿದೆ. ವೀರಶೈವರಿಗೂ ಲಿಂಗಾಯತರಿಗೂ ಅದು ಅನ್ವಯಿಸುವುದೆಂದು ಅದರಲ್ಲಿಯೇ ಹೆಸರು ಹಿಡಿದು ಹೇಳಿದ್ದಾರೆ. ಅನ್ನ, ಬಟ್ಟೆ, ವಸತಿಗಳ ಜೊತೆಗೆ ವಿದ್ಯೆಯನ್ನೂ ಜೀವನಾಂಶದಲ್ಲಿ ಸೇರಿಸಿದ್ದಾರೆ. ಆದರೆ ಗಂಡುಮಗನ ವಿಷಯದಲ್ಲಿ ಆ ಹೊಣೆ ಅವನಿಗೆ ಹದಿನೆಂಟು ತುಂಬುವವರೆಗೆ ಮಾತ್ರ. ಹೆಣ್ಣುಮಗಳಿಗೆ ಹಾಗಲ್ಲ. ಮದುವೆಯಾಗದೆ ಇರುವ ಮಗಳು ತನ್ನ ಸಂಪಾದನೆಯಿಂದ ತಾನು ಜೀವಿಸಲಾರಳಾದರೆ, ಹದಿನೆಂಟು ದಾಟಿದ ಮೇಲೂ ಅವಳನ್ನು ಪೋಷಿಸುವ ಹೊಣೆ ಹೆತ್ತವರ ಮೇಲೆಯೇ ಇರುತ್ತದೆ. ಕೇಳಿದಿರಾ ತಾಯಂದಿರೇ? ನಮ್ಮ ಮನೆಗಳಲ್ಲಿ ನಡೆಯುವುದು ಇದಕ್ಕೆ ತಿರುಗುಮುರುಗು. ಮಗನಿಗೆ ಜಮೀನು ಮಾರಿಯಾದರೂ ಓದು, ಮಗಳಿಗೆ “ಪಿ.ಯು.ಸಿ. ಸಾಕಲ್ಲವೇ ಬುದ್ಧೀ” ಎಂಬ ಮಾತು. ಈ ಮಾತಿಗೆ ಆಮೇಲೆ ಬರುತ್ತೇವೆ.

ಕಾನೂನು ತಳಪಾಯವೇ ಹೊರತು ಮನೆಯಲ್ಲ. ಕಾನೂನಿಗೆ ಅಂಜಿ ಮಗುವಿಗೆ ಹಾಲು ಕುಡಿಸುವ ತಾಯಿ ಉಂಟೇ? ಕಾಲೇಜಿನ ಖರ್ಚನ್ನು ಧರ್ಮದ ಕಣ್ಣಿನಿಂದ ಹೇಗೆ ನೋಡಬೇಕು ಎಂಬುದನ್ನು ತಿಳಿಯಲು ಶಾಸ್ತ್ರಗ್ರಂಥ ಬೇಕಾಗಿಲ್ಲ, ನಿಮ್ಮ ಈ ಸೀಮೆಯ ರೇಷ್ಮೆಮನೆಗೆ ಹೋದರೆ ಸಾಕು. ನಿಮ್ಮ ನರಸೀಪುರದಲ್ಲಿಯೇ ಸರ್ಕಾರದ ರೇಷ್ಮೆ ನೂಲಿನ ಕಾರ್ಖಾನೆ ಇದೆ, ಮೈಸೂರು ರೇಷ್ಮೆ ಸೀರೆಗೆ ಇಲ್ಲಿಂದ ನೂಲು ಹೋಗುತ್ತದೆ. ಹುಳು ಸಾಕುವ ಮನೆಯವರು ಇಲ್ಲಿ ಕುಳಿತಿದ್ದೀರಿ, ನಮಗಿಂತ ನೀವೇ ಚೆನ್ನಾಗಿ ಬಲ್ಲಿರಿ. ಚಾಕಿ ಹುಳುವಿಗೆ ಎಷ್ಟು ಸೊಪ್ಪು ಬೇಕು? ಎಳೆಯ ಎಲೆಯನ್ನು ಸಣ್ಣಗೆ ಹೆಚ್ಚಿ ಉದುರಿಸಿದರೆ ಮುಗಿಯಿತು. ಒಂದನೇ ಜ್ವರ, ಎರಡನೇ ಜ್ವರ, ಮೂರನೇ ಜ್ವರ ಕಳೆಯುವವರೆಗೆ ಮನೆಯ ಯಜಮಾನನಿಗೆ ಅಷ್ಟೇನೂ ಭಾರ ಕಾಣುವುದಿಲ್ಲ. ನಾಲ್ಕನೇ ಜ್ವರ ಎದ್ದ ಮೇಲೆ ನೋಡಿ! ರಾತ್ರಿ ಹಗಲು ಸೊಪ್ಪು, ಸೊಪ್ಪು, ಸೊಪ್ಪು. ಹುಳು ತನ್ನ ಜನ್ಮದಲ್ಲಿ ತಿನ್ನುವ ಒಟ್ಟು ಸೊಪ್ಪಿನಲ್ಲಿ ನೂರಕ್ಕೆ 80ಕ್ಕಿಂತ ಹೆಚ್ಚು ಪಾಲನ್ನು ಆ ಕೊನೆಯ ಏಳೆಂಟು ದಿನಗಳಲ್ಲಿಯೇ ತಿನ್ನುತ್ತದೆ. ಆಗ ಯಜಮಾನನು, “ಇಷ್ಟು ದಿನ ಸಾಕಿದೆ, ಈಗ ದೊಡ್ಡದಾಯಿತು, ತನ್ನ ಸೊಪ್ಪು ತಾನೇ ತಂದುಕೊಳ್ಳಲಿ” ಎಂದು ತಟ್ಟೆ ಬರಿದು ಮಾಡಿದರೆ ಏನಾದೀತು? ಹಿಂದೆ ಹಾಕಿದ ಸೊಪ್ಪೂ ದಂಡ, ಗೂಡೂ ಇಲ್ಲ.

ಕಾಲೇಜೆಂಬುದು ನಾಲ್ಕನೇ ಜ್ವರ ಎದ್ದ ಮೇಲಿನ ಕಾಲ. ಒಂದನೇ ತರಗತಿಯಿಂದ ಪಿ.ಯು.ಸಿ.ವರೆಗೆ ಆದ ಖರ್ಚನ್ನೆಲ್ಲ ಅದು ಒಂದೇ ವರ್ಷದಲ್ಲಿ ಮೀರಿಸುತ್ತದೆ. ಅದಕ್ಕೆ ಹೆದರಿ ಕೈಬಿಡಬಾರದು ಎಂಬುದೇ ನಮ್ಮ ಅಭಿಪ್ರಾಯ. ಸಹಾಯ ಮಾಡಬೇಕೇ ಎಂದು ಕೇಳಿದರೆ, ಮಾಡಲೇಬೇಕು. ಆದರೆ ರೇಷ್ಮೆಮನೆಯ ಇನ್ನರ್ಧವನ್ನೂ ನೋಡಿ. ಹುಳು ಹಣ್ಣಾದ ಕೂಡಲೇ ಸೊಪ್ಪು ಬಿಡುತ್ತದೆ. ನೀವು ಅದನ್ನು ಚಂದ್ರಿಕೆಗೆ ಬಿಡಬಹುದು, ನೂಲನ್ನು ಅದರ ಬಾಯಿಂದ ನೀವು ಎಳೆಯಲಾರಿರಿ. ಗೂಡು ಕಟ್ಟುವುದು ಅದರ ಕಾಯಕ. ಹಣ್ಣಾದ ಮೇಲೂ ಸೊಪ್ಪನ್ನೇ ಕೇಳುತ್ತ ಕುಳಿತ ಹುಳುವನ್ನು ಯಾರಾದರೂ ಕಂಡಿದ್ದೀರಾ? ಮನುಷ್ಯರಲ್ಲಿ ಅಂಥವರನ್ನು ನಾವು ಕಂಡಿದ್ದೇವೆ. ಪದವಿ ಮುಗಿದು ಐದು ವರ್ಷವಾದರೂ ತಂದೆಯ ಸಂಚಿಯ ಕಡೆಗೇ ಕೈ. ಅವರ ಮಾತು ಇಂದು ಬೇಡ.

ಇನ್ನು ಆ ರೈತರ ಪ್ರಶ್ನೆ. ಒಂದು ಎಕರೆ ಮಾರಲೋ ಬೇಡವೋ? ನಾವು ಅವರಿಗೆ ಕೂಡಲೇ ಉತ್ತರ ಕೊಡಲಿಲ್ಲ. “ಯಾವ ಸೀಟು, ಎಷ್ಟು ದುಡ್ಡು, ಯಾರು ಕೇಳಿದ್ದು?” ಎಂದು ವಿಚಾರಿಸಿದೆವು. ಸಿ.ಇ.ಟಿ. ಮೂಲಕ ಬಂದ ಸೀಟಲ್ಲ ಅದು. ಮಗ ಬಯಸಿದ ವಿಭಾಗ ಸಿ.ಇ.ಟಿ.ಯಲ್ಲಿ ಸಿಗಲಿಲ್ಲವೆಂದು ದಲ್ಲಾಳಿಯೊಬ್ಬನ ಕೈಯಲ್ಲಿ ಮಾತಾಡಿದ್ದರು. ರಸೀತಿಯಿಲ್ಲದ ಹಣ. ಬಂಧುಗಳೇ, ಹೀಗೆ ಹಣ ಕೇಳುವುದನ್ನು ನಿಷೇಧಿಸಿ ನಮ್ಮ ಕರ್ನಾಟಕದಲ್ಲಿ 1984ರಲ್ಲಿಯೇ ಕಾಯಿದೆಯಾಗಿದೆ. ಕೇಳುವುದು ತಪ್ಪು, ಕೊಟ್ಟು ಬೆಳೆಸುವುದೂ ಒಳ್ಳೆಯದಲ್ಲ. ಇಲ್ಲಿ ನಮಗೆ ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ನೆನಪಾಗುತ್ತದೆ. ಮಾರಯ್ಯನವರ ಕಾಯಕ ಉದುರಿದ ಅಕ್ಕಿಯನ್ನು ಆಯ್ದು ತರುವುದು. ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದರು. ಲಕ್ಕಮ್ಮನವರು ಹಿಗ್ಗಲಿಲ್ಲ. ಈ ಹೆಚ್ಚಿನದು ಯಾರಿಗೆ, ನಮಗೆ ಬೇಕಾದಷ್ಟನ್ನು ಇಟ್ಟು ಉಳಿದುದನ್ನು ಅಲ್ಲಿಯೇ ಸುರಿದು ಬನ್ನಿ ಎಂದು ಗಂಡನನ್ನು ಹಿಂದಕ್ಕೆ ಕಳುಹಿಸಿದರು. ವಿದ್ಯೆಗೆ ಬೇಕಾದ ಖರ್ಚು ಬೇರೆ, ಆಸೆಯ ಖರ್ಚು ಬೇರೆ. ವಿದ್ಯೆಗೆ ಬೇಕಾದದ್ದನ್ನು ಹೊಟ್ಟೆ ಕಟ್ಟಿಯಾದರೂ ಕೊಡಿ. ಪಕ್ಕದ ಮನೆಯವನ ಮಗ ಇಂಥ ಕಾಲೇಜಿಗೆ ಹೋದನೆಂಬ ಕಾರಣಕ್ಕೆ ನಾಲೆ ಬಯಲನ್ನು ಮಾರಬೇಡಿ.

ಮಾರುವುದು ಈಗ ಸುಲಭವಾಗಿದೆ, ಅದೇ ಅಪಾಯ. ಮೈಸೂರು ಈ ಕಡೆಗೆ ಬೆಳೆದು ಬರುತ್ತಿದೆ. ನಂಜನಗೂಡಿನ ಕೈಗಾರಿಕಾ ಪ್ರದೇಶದ ಸುತ್ತ ನೆಲಕ್ಕೆ ಬೆಲೆ ಬಂದಿದೆ. ಬೆಳಿಗ್ಗೆ ಬಾಯಿಬಿಟ್ಟರೆ ಸಂಜೆಗೆ ಕೊಳ್ಳುವವನು ಬಾಗಿಲಲ್ಲಿ ನಿಲ್ಲುತ್ತಾನೆ. ಕಬಿನಿಯ ನೀರು ಹರಿದು ಬಂದ ಗದ್ದೆ ಒಮ್ಮೆ ಹೋದರೆ ಮರಳಿ ಬರುವುದಿಲ್ಲ. ಇನ್ನೊಂದು ಮಾತು, ಪಿತ್ರಾರ್ಜಿತವಾದರೆ ಆ ನೆಲ ನಿಮ್ಮೊಬ್ಬರದೇ ಅಲ್ಲ. 1994ರಲ್ಲಿ ನಮ್ಮ ರಾಜ್ಯದ ತಿದ್ದುಪಡಿ, 2005ರಲ್ಲಿ ಇಡೀ ದೇಶದ ತಿದ್ದುಪಡಿ ಬಂದ ಮೇಲೆ ಅದರಲ್ಲಿ ಮಗಳಿಗೂ ಮಗನಷ್ಟೇ ಪಾಲಿದೆ. ಮಗನ ಫೀಸಿಗೆಂದು ಎಕರೆ ಮಾರುವಾಗ ಮಗಳ ಪಾಲನ್ನೂ ಮಾರಿದಂತಾಗುತ್ತದೆ. ಅವಳನ್ನು ಕೇಳಿದಿರಾ? ಹೆಚ್ಚಿನ ಮನೆಗಳಲ್ಲಿ ಸಹಿ ಹಾಕಿಸಲು ಮಾತ್ರ ಅವಳನ್ನು ಕರೆಯುತ್ತಾರೆ.

ಕೈಸಾಲದ ಮಾತು ಇನ್ನೂ ಕಷ್ಟ. ನೂರಕ್ಕೆ ತಿಂಗಳಿಗೆ ಮೂರು ರೂಪಾಯಿ ಬಡ್ಡಿ ಎಂದರೆ ಬಾಯಿಗೆ ಹಗುರ. ವರ್ಷಕ್ಕೆ ಅದು 36 ಆಗುತ್ತದೆ. ನಾಲ್ಕು ವರ್ಷ ಓದಿ ಬರುವಷ್ಟರಲ್ಲಿ ಬಡ್ಡಿಯೇ ಅಸಲನ್ನು ದಾಟಿರುತ್ತದೆ. ಇದಕ್ಕಿಂತ ಬ್ಯಾಂಕಿನ ವಿದ್ಯಾಸಾಲ ಎಷ್ಟೋ ಮೇಲು. 2001ರಲ್ಲಿ ಬಂದ ಮಾದರಿ ಯೋಜನೆಯಂತೆ 4 ಲಕ್ಷ ರೂಪಾಯಿವರೆಗೆ ಜಮೀನು ಒತ್ತೆ ಇಡಬೇಕಾಗಿಲ್ಲ. ಸಾಲ ವಿದ್ಯಾರ್ಥಿಯ ಹೆಸರಿನಲ್ಲಿ, ಜೊತೆಗೆ ತಂದೆಯ ಇಲ್ಲವೇ ತಾಯಿಯ ಸಹಿ. ಓದು ಮುಗಿದ ಮೇಲೆ ಕಂತು ಆರಂಭ. ಬಡ್ಡಿ ಮಾತ್ರ ಸುಮ್ಮನೆ ಕುಳಿತಿರುವುದಿಲ್ಲ, ಅದನ್ನು ಮರೆಯಬೇಡಿ. ಓದುವ ಕಾಲದಲ್ಲಿ ಆ ಬಡ್ಡಿಯನ್ನಷ್ಟು ತಂದೆ ಕಟ್ಟುತ್ತ ಬರಲಿ, ಅಸಲನ್ನು ದುಡಿಯುವ ಕಾಲಕ್ಕೆ ಮಗ ತೀರಿಸಲಿ. ತಾನು ಹೊತ್ತ ಭಾರ ತನಗೆ ಗೊತ್ತಿರುವ ಹುಡುಗ ಪಾಠ ತಪ್ಪಿಸುವುದಿಲ್ಲ ಎಂಬುದು ನಮ್ಮ ಅನುಭವ. ಇನ್ನು ನಂಜನಗೂಡಿನಲ್ಲೂ ನರಸೀಪುರದಲ್ಲೂ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಿವೆ. ಅಲ್ಲಿ ಓದಿದರೆ ಮರ್ಯಾದೆ ಕಡಿಮೆ ಎಂದು ಯಾರು ಹೇಳಿದವರು? ಬುತ್ತಿ ಕಟ್ಟಿಕೊಂಡು ಮನೆಯಿಂದಲೇ ಹೋಗಿ ಬರಬಹುದು. ಹೆಣ್ಣುಮಕ್ಕಳಿಗಂತೂ 2023ರ ಜೂನ್‌ನಿಂದ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟೂ ಇಲ್ಲ.

ಹೆಣ್ಣುಮಕ್ಕಳ ಮಾತಿಗೆ ಬರುತ್ತೇವೆ ಎಂದಿದ್ದೆವು. ಮಗಳ ಮದುವೆಗೆ ಕಲ್ಯಾಣಮಂಟಪ, ಚಿನ್ನ, ಎರಡು ಸಾವಿರ ಜನಕ್ಕೆ ಊಟ. ಇದಕ್ಕೆ ಸಾಲ ಹುಟ್ಟುತ್ತದೆ. ಅದೇ ಮಗಳ ಬಿ.ಎಸ್ಸಿ.ಗೆ ಹುಟ್ಟುವುದಿಲ್ಲ! ಒಬ್ಬ ತಾಯಿ ನಮ್ಮ ಬಳಿ ಹೇಳಿದರು: “ಬುದ್ಧೀ, ಓದಿಸಿದ್ರೆ ಆ ಲಾಭ ಹೋದ ಮನೆಯವರಿಗಲ್ಲವಾ?” ಆ ತಾಯಿ ಕೆಟ್ಟವರಲ್ಲ, ಊರಿನ ಮಾತನ್ನೇ ಆಡಿದರು. ನಾವು ಕೇಳಿದೆವು: “ತಾಯಿ, ನಿಮ್ಮ ಯಜಮಾನರು ಹೋದ ವರ್ಷ ಹಾಸಿಗೆ ಹಿಡಿದಾಗ ಮೈಸೂರಿನ ಆಸ್ಪತ್ರೆಯಲ್ಲಿ ಹದಿನೈದು ದಿನ ಪಕ್ಕದಲ್ಲಿದ್ದವರು ಯಾರು?” “ಮಗಳು” ಎಂದರು. ಅಷ್ಟಕ್ಕೇ ಅವರು ಸುಮ್ಮನಾದರು, ನಾವೂ ಸುಮ್ಮನಾದೆವು. ಅವರ ಮಗಳು ಈಗ ಎರಡನೆಯ ವರ್ಷದ ಪದವಿಯಲ್ಲಿದ್ದಾಳೆ.

ವಿದ್ಯಾರ್ಥಿಗಳಿಗೆ ಒಂದೆರಡು ಮಾತು. ಮಕ್ಕಳೇ, ನಿಮ್ಮ ತಂದೆ ಕೊಡುವುದು ದಾಸೋಹವೆಂದು ತಿಳಿಯಿರಿ. ಹಕ್ಕಿನ ಬಾಕಿ ಎಂದಲ್ಲ. ಹಿಂದೆ ಮೈಸೂರಿನಲ್ಲಿ ಬಡ ಹುಡುಗರು ವಾರಾನ್ನದಲ್ಲಿ ಓದಿದರು. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು ಮನೆ. ಒಂದು ಮನೆ ತಪ್ಪಿದರೆ ಆ ದಿನ ಉಪವಾಸ. ನಮ್ಮ ಹಳ್ಳಿಗಳ ಮಕ್ಕಳಿಗೆ ಪೇಟೆಯಲ್ಲಿ ಆ ವಾರಾನ್ನವೂ ಸುಲಭವಾಗಿ ಸಿಗುತ್ತಿರಲಿಲ್ಲ. ಆಗ ಸುತ್ತೂರಿನ ಶ್ರೀ ಶಿವರಾತ್ರಿ ರಾಜೇಂದ್ರ ಮಹಾಸ್ವಾಮಿಗಳವರು 1941ರಲ್ಲಿ ಮೈಸೂರಿನಲ್ಲಿ ಉಚಿತ ಪ್ರಸಾದನಿಲಯ ತೆರೆದರು. ಯುದ್ಧದ ಕಾಲ, ಧಾನ್ಯಕ್ಕೆ ಬರ. ಮಕ್ಕಳ ಊಟಕ್ಕಾಗಿ ಬೆಳ್ಳಿಬಂಗಾರದ ವಸ್ತುಗಳೂ ಹೋದವೆಂದು ಹಿರಿಯರು ಹೇಳುವುದನ್ನು ನೀವೆಲ್ಲ ಕೇಳಿದ್ದೀರಿ. 1954ರಲ್ಲಿ ವಿದ್ಯಾಪೀಠವಾಯಿತು. ಆ ಕಡೆ ಸಿದ್ಧಗಂಗೆಯಲ್ಲಿ, 2019ರಲ್ಲಿ ಲಿಂಗೈಕ್ಯರಾದ ಶ್ರೀ ಶಿವಕುಮಾರ ಸ್ವಾಮಿಗಳವರು ಸಾವಿರಾರು ಮಕ್ಕಳಿಗೆ ಅನ್ನವಿಟ್ಟರು. ಉತ್ತರದಲ್ಲಿ ಸಿರಸಂಗಿಯ ಲಿಂಗರಾಜರು ತಮ್ಮ ಆಸ್ತಿಯನ್ನೆಲ್ಲ ಸಮಾಜದ ಮಕ್ಕಳ ವಿದ್ಯೆಗೆ ಬರೆದಿಟ್ಟು 1906ರಲ್ಲಿ ತೀರಿಕೊಂಡರು. ಇವರು ಯಾರೂ ತಮ್ಮ ಹೊಟ್ಟೆಯಲ್ಲಿ ಹುಟ್ಟಿದ ಮಕ್ಕಳಿಗೆ ಮಾಡಲಿಲ್ಲ. ಹಾಗೆ ಬಂದ ಅನ್ನವನ್ನು ಉಂಡವನು ತಟ್ಟೆ ತಾನೇ ತೊಳೆದ, ಸೌದೆ ಒಡೆದ, ನೀರು ಸೇದಿದ. ನೀವು ರಜೆಯಲ್ಲಿ ಊರಿಗೆ ಬಂದಾಗ ಹೊಲದ ಕಡೆ ಹೋಗುತ್ತೀರಾ? ತಾಯಿಗೆ ಒಂದು ಹೊರೆ ಸೊಪ್ಪು ತಂದುಕೊಡುತ್ತೀರಾ? ಹೊಸ ಫೋನಿಗೆ ಹಟ ಹಿಡಿಯುವಾಗ ಆ ದುಡ್ಡು ಎಷ್ಟು ಮೂಟೆ ಭತ್ತ ಎಂದು ಲೆಕ್ಕ ಹಾಕುತ್ತೀರಾ?

ಹೆತ್ತವರಲ್ಲೂ ಒಂದು ದೋಷವಿದೆ. ಕೊಟ್ಟದ್ದನ್ನು ಎಣಿಸಿ ಎಣಿಸಿ ಹೇಳುವುದು. ಊಟಕ್ಕೆ ಕುಳಿತ ಮಗನಿಗೆ, “ನಿನಗೆ ಇಷ್ಟು ಸುರಿದೆ” ಎಂದರೆ ಆ ಅನ್ನ ಅವನ ಗಂಟಲಲ್ಲಿ ಇಳಿಯುತ್ತದೆಯೇ? ಮುಪ್ಪಿನಲ್ಲಿ ಅನ್ನ ಹಾಕದ ಮಕ್ಕಳನ್ನು ಕೇಳಲು 2007ರ ಕಾಯಿದೆಯಿದೆ, ಅದು ಬೇರೆ ಮಾತು. ದಾಸೋಹ ಮಾಡಿದವನು ಉಂಡವರ ಪಟ್ಟಿ ಇಡುವುದಿಲ್ಲ. ಲೆಕ್ಕ ಹೇಳಿ, ಮುಚ್ಚಿಡಬೇಡಿ. ಮನೆಯಲ್ಲಿ ಎಷ್ಟಿದೆ, ಎಷ್ಟು ಆಗುತ್ತದೆ, ಎಷ್ಟು ಆಗುವುದಿಲ್ಲ ಎಂದು ಸೀಟು ಹಿಡಿಯುವ ಮುಂಚೆಯೇ ಮಕ್ಕಳನ್ನು ಎದುರಿಗೆ ಕೂರಿಸಿಕೊಂಡು ಹೇಳಿ. ಆಮೇಲೆ ಹಂಗಿಸುವುದಕ್ಕಾಗಿ ಹೇಳಬೇಡಿ.

ಏನೂ ಕೊಡಲಾಗದವರೂ ಇಲ್ಲಿದ್ದೀರಿ. ಕೂಲಿ ಮಾಡಿ ಪಿ.ಯು.ಸಿ.ವರೆಗೆ ತಂದವರು, ಗಂಡನಿಲ್ಲದ ತಾಯಂದಿರು. ನೀವು ತಲೆ ತಗ್ಗಿಸಬೇಕಾದ್ದಿಲ್ಲ. ನಿಮ್ಮಿಂದ ಆಗದ ಜಾಗದಲ್ಲಿ ನಿಲ್ಲಬೇಕಾದದ್ದು ನಿಮ್ಮ ಬಂಧುಗಳು, ಊರು, ಸಮಾಜ. ಊರ ಜಾತ್ರೆಗೆ ಚಂದಾ ಎತ್ತುವ ಯುವಕರು ಇದೇ ಊರಿನ ಒಂದು ಮಗುವಿನ ಮೊದಲ ವರ್ಷದ ಫೀಸಿಗೂ ಎತ್ತಬಹುದು. ಪಟಾಕಿಯ ಬಾಬ್ತಿನಲ್ಲಿ ಸ್ವಲ್ಪ ಉಳಿಸಿದರೆ ಸಾಕಾದೀತು.

ಆ ರೈತರು ದಲ್ಲಾಳಿಗೆ ಕೊಡಬೇಕೆಂದಿದ್ದ ಹಣ ಕೊಡಲಿಲ್ಲ. ಮಗ ಸಿ.ಇ.ಟಿ.ಯಲ್ಲಿ ಸಿಕ್ಕ ಬೇರೆ ವಿಭಾಗಕ್ಕೆ ಸೇರಿದ. ಎರಡು ದಿನ ಮುನಿಸಿಕೊಂಡಿದ್ದನಂತೆ. ಎಕರೆ ಉಳಿದಿದೆ, ಈ ಸಲ ಅಲ್ಲಿ ಭತ್ತದ ನಾಟಿಯಾಗಿದೆ.

ಪ್ರಸಾದಕ್ಕೆ ಹೊತ್ತಾಯಿತು. ನಮ್ಮೊಡನೆ ಇಬ್ಬರು ಮೇಷ್ಟ್ರು ಬಂದಿದ್ದಾರೆ. ವಿದ್ಯಾರ್ಥಿವೇತನದ ಅರ್ಜಿ, ಬ್ಯಾಂಕಿನ ಕಾಗದ, ಆದಾಯದ ಸರ್ಟಿಫಿಕೇಟು ಇರುವವರು ಪ್ರಸಾದ ಮುಗಿಸಿ ಗುಡಿಯ ಜಗಲಿಯ ಹತ್ತಿರ ಬನ್ನಿ. ಹೆಣ್ಣುಮಕ್ಕಳು ಮೊದಲು ಬರಲಿ, ಅವರಿಗೆ ಬಸ್ಸಿನ ಹೊತ್ತಾಗುತ್ತದೆ.